‘ಈ ಮಾತ್ರೆ ಹೀಟು’ ಅನ್ನುವ ಮಾತಿನಲ್ಲಿ ಎಷ್ಟು ನಿಜ?

ಪ್ರಶ್ನೆ: ನಾನು 46 ವರ್ಷದ ಗೃಹಿಣಿ, ಊರು ರಾಯಚೂರು. ಸುಮ್ಮಸುಮ್ಮನೆ ಗಾಬರಿ, ಅಳು, ನಿದ್ದೆಯಿಲ್ಲದ ತೊಂದರೆಗೆ ಮನೋವೈದ್ಯರು ಎಸಿಟಾಲೊಪ್ರಾಮ್ 10 ಮಿ.ಗ್ರಾಂ. ಬರೆದುಕೊಟ್ಟಿದ್ದರು. ಏಳು ತಿಂಗಳು ತಗೊಂಡೆ. ಮನಸ್ಸು ಹಗುರಾಯಿತು, ಆದರೆ ರಾತ್ರಿ ದಿಂಬು ಒದ್ದೆಯಾಗುವಷ್ಟು ಬೆವರು. ಥರ್ಮಾಮೀಟರ್ ಇಟ್ಟರೆ 98. ಹೋದ ತಿಂಗಳು ಮಂಡಿನೋವಿಗೆ ಬೇರೆ ಡಾಕ್ಟರು ಟ್ರಮಡಾಲ್ ಸೇರಿರುವ ಮಾತ್ರೆ ಕೊಟ್ಟರು. ಎರಡನೇ ದಿನ ಸಂಜೆ ಕೈಕಾಲು ಅದುರತೊಡಗಿತು, ಕೂತಲ್ಲಿ ಕೂರಲಾಗದು, ಮೈಯೆಲ್ಲ ನೀರು, ಎರಡು ಸಲ ಭೇದಿ, ಜ್ವರ 100. ಪಕ್ಕದ ಮನೆಯವರು ‘ಈ ಮಾತ್ರೆಗಳೆಲ್ಲ ಭಾಳ ಹೀಟು, ಬಿಡ್ರಿ’ ಅಂದರು. ಎರಡನ್ನೂ ಬಿಟ್ಟೆ. ಮರುದಿನಕ್ಕೆ ನಡುಕ ನಿಂತಿತು. ಈಗ ಒಂಬತ್ತು ದಿನವಾಯಿತು. ತಲೆ ತಿರುಗು, ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಈ ಮಾತ್ರೆ ನಿಜಕ್ಕೂ ಮೈ ಕಾವು ಏರಿಸುತ್ತದೆಯೇ? ಬೇಸಿಗೆಯಲ್ಲಿ ತಗೋಬಹುದೇ?

ಉತ್ತರ: ಮೊದಲು ತುರ್ತಿನ ಮಾತು. ಟ್ರಮಡಾಲ್ ಬಿಟ್ಟಿದ್ದು ಸರಿಯಾಯಿತು, ಮತ್ತೆ ಮುಟ್ಟಬೇಡಿ. ಎಸಿಟಾಲೊಪ್ರಾಮ್ ಒಂದೇ ಏಟಿಗೆ ಬಿಟ್ಟಿದ್ದರಿಂದಲೇ ತಲೆಯೊಳಗೆ ಕರೆಂಟ್ ಹೊಡೆಯುತ್ತಿರುವುದು. ಅದರಿಂದ ಮಿದುಳಿಗೆ ಹಾನಿಯೇನಿಲ್ಲ, ಹೆಚ್ಚಿನವರಿಗೆ ಒಂದೆರಡು ವಾರದಲ್ಲಿ ಇಳಿಯುತ್ತದೆ. ಆದರೆ ಹಳೆಯ ಗಾಬರಿ, ಅಳು ಮರಳಿ ಬರುವ ಹೊತ್ತೂ ಇದೇ. ಈ ವಾರದಲ್ಲೇ ನಿಮ್ಮ ಮನೋವೈದ್ಯರನ್ನು ಕಂಡು, ನನಗೆ ಬರೆದದ್ದನ್ನೆಲ್ಲ ಅವರಿಗೂ ಹೇಳಿ. ಮತ್ತೆ ಶುರುಮಾಡಬೇಕೇ, ಎಷ್ಟರಿಂದ ಎನ್ನುವುದನ್ನು ಅವರು ತೀರ್ಮಾನಿಸಲಿ.

ಈಗ ‘ಹೀಟು’. ನಾನು ಔಷಧಶಾಸ್ತ್ರ ಪಾಠ ಮಾಡುವವನು. ‘ಸರ್, ಈ ಮಾತ್ರೆ ಹೀಟಾ?’ ಎಂದು ಕೇಳದ ರೋಗಿಯನ್ನು ನಾನು ನೋಡಿಲ್ಲ. ಬಾಯಿಹುಣ್ಣು, ಉರಿಮೂತ್ರ, ಮೊಡವೆ, ಮಲಬದ್ಧತೆ ಎಲ್ಲಕ್ಕೂ ನಮ್ಮಲ್ಲಿ ಹೀಟೇ ಕಾರಣ. ವೈದ್ಯರು ನಕ್ಕು ಮುಂದಿನವರನ್ನು ಕರೆಯುತ್ತಾರೆ. ಬಹಳ ವರ್ಷ ನಾನೂ ನಕ್ಕಿದ್ದೇನೆ. ಆದರೆ ನಿಮ್ಮ ಎಸಿಟಾಲೊಪ್ರಾಮ್‌ನಂಥ, ಸೆರೊಟೋನಿನ್ ಎಂಬ ದೇಹದ ರಾಸಾಯನಿಕದ ಮೇಲೆ ಕೆಲಸ ಮಾಡುವ ಔಷಧಗಳ ವಿಷಯದಲ್ಲಿ ನಿಮ್ಮ ಪಕ್ಕದ ಮನೆಯವರ ಮಾತನ್ನು ಪೂರ್ತಿ ತಳ್ಳಿಹಾಕಲು ಬರುವುದಿಲ್ಲ. ಮೈಯ ಕಾವನ್ನು ಹದದಲ್ಲಿಡುವ ವ್ಯವಸ್ಥೆಯೊಳಗೇ ಇವು ಕೈಯಾಡಿಸುತ್ತವೆ. ಅವರು ತಪ್ಪಿದ್ದು ಎಲ್ಲಿ ಎಂದರೆ, ರಾತ್ರಿಯ ಬೆವರನ್ನೂ ಆ ಸಂಜೆಯ ನಡುಕವನ್ನೂ ಒಂದೇ ಗಂಟು ಕಟ್ಟಿದ್ದರಲ್ಲಿ. ಅವೆರಡೂ ಬೇರೆಬೇರೆ ಸಂಗತಿ. ಒಂದು ಕಿರಿಕಿರಿ, ಇನ್ನೊಂದು ಅಪಾಯದ ಮೊದಲ ಮೆಟ್ಟಿಲು.

ಸೆರೊಟೋನಿನ್ ಎಂದರೆ ಮಿದುಳಿನ ‘ಸಂತೋಷದ ರಸ’ ಎಂದು ಎಲ್ಲೋ ಓದಿರುತ್ತೀರಿ. ದೇಹದ ಸೆರೊಟೋನಿನ್‌ನಲ್ಲಿ 90%ಕ್ಕೂ ಹೆಚ್ಚು ಇರುವುದು ಕರುಳಿನಲ್ಲಿ. ಇಟಲಿಯ ವಿಟ್ಟೋರಿಯೊ ಎರ್ಸ್‌ಪಾಮರ್ 1930ರ ದಶಕದಲ್ಲಿ ಅದನ್ನು ಕರುಳಿನಲ್ಲೇ ಕಂಡು ಬೇರೆ ಹೆಸರಿಟ್ಟಿದ್ದರು. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ರಾಪೋರ್ಟ್, ಗ್ರೀನ್, ಪೇಜ್ ಎಂಬ ಮೂವರು ರಕ್ತದ ಸೀರಮ್‌ನಿಂದ ರಕ್ತನಾಳವನ್ನು ಬಿಗಿಮಾಡುವ ವಸ್ತುವೊಂದನ್ನು ಬೇರ್ಪಡಿಸಿ, ಆ ಗುಣದಿಂದಲೇ ಸೆರೊಟೋನಿನ್ ಎಂದು ಕರೆದರು. ಎರಡೂ ಒಂದೇ ವಸ್ತು ಎಂದು ಆಮೇಲೆ ಗೊತ್ತಾಯಿತು. ಮಿದುಳಿನಲ್ಲೂ ಅದು ಇದೆ ಎಂದು ಬೆಟ್ಟಿ ಟ್ವಾರೊಗ್ ಮತ್ತು ಪೇಜ್ ತೋರಿಸಿದ್ದು 1953ರಲ್ಲಿ. ಕರುಳು, ರಕ್ತನಾಳ, ಮಿದುಳು ಮೂರರಲ್ಲೂ ಅದರ ನಂಟಿರುವುದು ನೆನಪಿರಲಿ. ಆ ಸಂಜೆ ನಿಮಗೆ ಭೇದಿ ಆಗಿದ್ದೂ, ಬೆವರು ಸುರಿದದ್ದೂ, ಮನಸ್ಸು ಚಡಪಡಿಸಿದ್ದೂ ಒಟ್ಟೊಟ್ಟಿಗೆ ಯಾಕೆ ಎಂಬುದಕ್ಕೆ ಉತ್ತರ ಅಲ್ಲಿದೆ.

ಮೈಯ ಕಾವಿನ ಯಜಮಾನಿಕೆ ಮಿದುಳಿನ ತಳದಲ್ಲಿರುವ ಹೈಪೊಥಲಾಮಸ್ ಎಂಬ ಪುಟ್ಟ ಭಾಗದ್ದು. ಕಾವು ಇಳಿದರೆ ಚರ್ಮದ ರಕ್ತನಾಳಗಳನ್ನು ಮುಚ್ಚಿಸಿ, ಸ್ನಾಯುಗಳನ್ನು ನಡುಗಿಸಿ ಬಿಸಿ ಹುಟ್ಟಿಸುತ್ತದೆ. ಏರಿದರೆ ರಕ್ತವನ್ನು ಚರ್ಮಕ್ಕೆ ಹರಿಸಿ, ಬೆವರಿಳಿಸಿ ಬಿಸಿಯನ್ನು ಹೊರಹಾಕುತ್ತದೆ. 1963ರಲ್ಲಿ ಲಂಡನ್‌ನಲ್ಲಿ ವಿಲ್ಹೆಲ್ಮ್ ಫೆಲ್ಡ್‌ಬರ್ಗ್ ಮತ್ತು ಮೈಯರ್ಸ್ ಬೆಕ್ಕುಗಳ ಮಿದುಳಿನ ಕುಹರಕ್ಕೆ ಸೆರೊಟೋನಿನ್ ಹನಿಸಿದರು. ಬೆಕ್ಕು ನಡುಗಿತು, ಕಾವೇರಿತು. ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕ ಹನಿಸಿದಾಗ ಇಳಿಯಿತು. ಒಂದು ಏರಿಸುವುದು, ಒಂದು ಇಳಿಸುವುದು, ತಕ್ಕಡಿಯ ಎರಡು ತಟ್ಟೆ! ಎಷ್ಟು ಚಂದದ ಸಿದ್ಧಾಂತ. ಆದರೆ ಮೊಲದ ಮೇಲೆ ಅದನ್ನೇ ಮಾಡಿದಾಗ ಫಲಿತಾಂಶ ತಿರುಗುಮುರುಗಾಯಿತು. ಪ್ರಾಣಿ ಬದಲಾದರೆ, ಪ್ರಮಾಣ ಬದಲಾದರೆ, ಕೋಣೆಯ ಬಿಸಿ ಬದಲಾದರೆ ಉತ್ತರವೂ ಬದಲಾಗುತ್ತಿತ್ತು. ವಿದ್ಯಾರ್ಥಿಯಾಗಿದ್ದಾಗ ಈ ಅಧ್ಯಾಯ ಓದಿ ನಾನು ಪುಸ್ತಕ ಮುಚ್ಚಿಟ್ಟದ್ದುಂಟು.

ಗೊಂದಲ ತಿಳಿಯಾದದ್ದು, ಸೆರೊಟೋನಿನ್ ಬಂದು ಕೂರುವ ಜಾಗಗಳು ಹಲವು ಬಗೆಯವು ಎಂದು ಗೊತ್ತಾದ ಮೇಲೆ. ಇವುಗಳಿಗೆ ಗ್ರಾಹಕಗಳು ಎನ್ನುತ್ತೇವೆ, ಹದಿನಾಲ್ಕು ಬಗೆಯಷ್ಟಿವೆ. ನಮಗೆ ಬೇಕಾದವು ಎರಡು, 1ಎ ಮತ್ತು 2ಎ. 1ಎ ಕೆಣಕಿದರೆ ಕಾವು ಇಳಿಯುತ್ತದೆ: ಚರ್ಮದ ನಾಳಗಳು ಸಡಿಲವಾಗುತ್ತವೆ, ಬಿಸಿ ಹುಟ್ಟಿಸುವ ಆದೇಶಗಳು ಸಪ್ಪೆಯಾಗುತ್ತವೆ. ಗಾಬರಿಗೆ ಕೊಡುವ ಬಸ್ಪಿರೋನ್ ಈ ಜಾತಿಯದು. ಆರೋಗ್ಯವಂತರಿಗೆ ಒಂದು ಡೋಸ್ ಕೊಟ್ಟರೆ ಮೈಯ ಕಾವು ಒಂದು ಡಿಗ್ರಿಯ ಕೆಲವು ಹತ್ತನೇ ಭಾಗದಷ್ಟು ಇಳಿಯುತ್ತದೆ. ಸಂಶೋಧಕರು ಈ ಸಣ್ಣ ಇಳಿತವನ್ನೇ ಕಿಟಕಿಯಾಗಿ ಮಾಡಿಕೊಂಡು, ಮಿದುಳನ್ನು ಮುಟ್ಟದೆ ಅದರೊಳಗಿನ 1ಎ ಎಷ್ಟು ಚುರುಕಾಗಿದೆ ಎಂದು ಅಳೆದರು. ಖಿನ್ನತೆಯ ಮಾತ್ರೆಯನ್ನು ಕೆಲವು ವಾರ ತೆಗೆದುಕೊಂಡವರಲ್ಲಿ ಈ ಇಳಿತ ಮಂಕಾಗುತ್ತದೆ. ಮಾತ್ರೆಯ ಗುಣ ಮನಸ್ಸಿಗೆ ತಾಗಲು ಯಾಕೆ ವಾರಗಟ್ಟಲೆ ಬೇಕು ಎಂಬ ಪ್ರಶ್ನೆಗೆ ಥರ್ಮಾಮೀಟರಿನಿಂದಲೂ ಒಂದು ಸುಳಿವು ಸಿಕ್ಕಿತು ಎಂಬುದು ನನಗೆ ಇಂದಿಗೂ ಬೆರಗಿನ ವಿಷಯ.

2ಎ ಇದಕ್ಕೆ ಎದುರು. ಅದನ್ನು ಅತಿಯಾಗಿ ಕೆಣಕಿದರೆ ಸ್ನಾಯು ಬಿಗಿಯುತ್ತವೆ, ಮನಸ್ಸು ಚಡಪಡಿಸುತ್ತದೆ, ಚರ್ಮದ ನಾಳಗಳು ಮುಚ್ಚಿಕೊಳ್ಳುತ್ತವೆ. ಒಳಗೆ ಬಿಸಿ ಹುಟ್ಟುತ್ತಲೇ ಇರುತ್ತದೆ, ಹೊರಹೋಗುವ ಬಾಗಿಲು ಮಾತ್ರ ಅರೆಮುಚ್ಚಿರುತ್ತದೆ. ಸೆರೊಟೋನಿನ್ ಸ್ವಲ್ಪ ಹೆಚ್ಚಿದ್ದಾಗ ಈ ಎರಡೂ ಒಂದನ್ನೊಂದು ಸರಿದೂಗಿಸುತ್ತವೆ. ಅದಕ್ಕೇ ಏಳು ತಿಂಗಳು ಮಾತ್ರೆ ತಗೊಂಡರೂ ನಿಮ್ಮ ಥರ್ಮಾಮೀಟರ್ 98 ಬಿಟ್ಟು ಕದಲಲಿಲ್ಲ. ಸೆರೊಟೋನಿನ್ ತೀರಾ ಉಕ್ಕಿದಾಗ ಮಾತ್ರ 2ಎ ಕಡೆಯ ತಟ್ಟೆ ತೂಗುತ್ತದೆ.

ಸುತ್ತಲಿನ ಬಿಸಿಯೂ ಇದರಲ್ಲಿ ಪಾಲುದಾರ. ಪಾಶ್ಚಾತ್ಯ ಪಾರ್ಟಿಗಳಲ್ಲಿ ಹಬ್ಬಿದ ‘ಎಕ್ಸ್‌ಟಸಿ’ ಎಂಬ ಮಾದಕವಸ್ತು, ಅಂದರೆ ಎಂಡಿಎಂಎ, ನರತಂತುಗಳಿಂದ ಸೆರೊಟೋನಿನ್ ಅನ್ನು ಹಿಂಡಿ ಹೊರಹಾಕುತ್ತದೆ. ಇಲಿಗಳಿಗೆ ಅದನ್ನು ತಣ್ಣನೆಯ ಕೋಣೆಯಲ್ಲಿ ಕೊಟ್ಟರೆ ಮೈ ಕಾವು ಇಳಿಯುತ್ತದೆ. ಬೆಚ್ಚನೆಯ ಕೋಣೆಯಲ್ಲಿ ಅದೇ ಪ್ರಮಾಣ ಕೊಟ್ಟರೆ ಏರುತ್ತದೆ. ಮನುಷ್ಯರಿಗೆ ಪ್ರಯೋಗಾಲಯದಲ್ಲಿ ಅಳೆದು ಕೊಟ್ಟಾಗ ಏರುವುದು ಅಷ್ಟಕ್ಕಷ್ಟೆ. ಆದರೆ ಗಾಳಿಯಾಡದ ಕಿಕ್ಕಿರಿದ ಕ್ಲಬ್ಬಿನಲ್ಲಿ ಗಂಟೆಗಟ್ಟಲೆ ಕುಣಿಯುವವರಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟಿ ಸ್ನಾಯು ಕರಗಿ, ಮೂತ್ರಪಿಂಡ ಕೆಟ್ಟು ಸತ್ತವರಿದ್ದಾರೆ.

ಇನ್ನು ನಿಮ್ಮ ರಾತ್ರಿಯ ಬೆವರು. ಎಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲುಯೊಕ್ಸೆಟಿನ್, ಪರೊಕ್ಸೆಟಿನ್ ಒಂದೇ ಬಳಗದವು. ಬಿಡುಗಡೆಯಾದ ಸೆರೊಟೋನಿನ್ ನರತಂತುವಿನೊಳಗೆ ವಾಪಸು ಹೋಗದಂತೆ ಇವು ತಡೆಯುತ್ತವೆ. ಇವನ್ನು ತೆಗೆದುಕೊಳ್ಳುವ ಸುಮಾರು ಹತ್ತರಲ್ಲಿ ಒಬ್ಬರಿಗೆ ಬೆವರಿನ ಕಾಟವಿರುತ್ತದೆ. ನಾರ್‌ಅಡ್ರಿನಲಿನ್ ಅನ್ನೂ ಹೆಚ್ಚಿಸುವ ವೆನ್ಲಫಾಕ್ಸಿನ್‌ನಲ್ಲಿ ಇನ್ನೂ ಜಾಸ್ತಿ. ಕಾವು ಏರದೆಯೇ ಬೆವರು ಬರುತ್ತದೆ ಎನ್ನುವುದೇ ಇಲ್ಲಿ ಗಮನಿಸಬೇಕಾದದ್ದು. ಮೈ ಬಿಸಿಯಾಗಿದೆ ಎಂದು ಬೆವರುತ್ತಿಲ್ಲ, ಬೆವರಿನ ಆದೇಶ ಹೊರಡುವ ಮಟ್ಟವೇ ಕೆಳಗಿಳಿದಿದೆ. ‘ಮೈಯೆಲ್ಲ ಬಿಸಿ’ ಅನ್ನಿಸುವುದು ಸುಳ್ಳಲ್ಲ. ಚರ್ಮಕ್ಕೆ ರಕ್ತ ಹೆಚ್ಚು ಹರಿದಾಗ ಹಾಗೆ ಅನ್ನಿಸುತ್ತದೆ. ಆ ಹೊತ್ತಿಗೆ ಒಳಗಿನ ಕಾವು ಇಳಿಯುತ್ತಿರುತ್ತದೆ.

ಆದರೆ ನಿಮ್ಮ ವಯಸ್ಸು 46. ಮುಟ್ಟು ಏರುಪೇರಾಗಿದೆಯೇ ಎಂದು ನೀವು ಬರೆದಿಲ್ಲ. ಮುಟ್ಟು ನಿಲ್ಲುವ ಕಾಲದ ಬಿಸಿಯುಬ್ಬರವೂ ಹೀಗೇ ಇರುತ್ತದೆ: ಎದೆಯಿಂದ ಮುಖಕ್ಕೆ ಉರಿ ಏರಿ, ಬೆವರಿ, ಆಮೇಲೆ ಚಳಿ. ನಡುಗುವ ಮಟ್ಟಕ್ಕೂ ಬೆವರುವ ಮಟ್ಟಕ್ಕೂ ನಡುವೆ ದೇಹ ಸುಮ್ಮನಿರುವ ಒಂದು ಸಣ್ಣ ಅಂತರವಿದೆ. ಬಿಸಿಯುಬ್ಬರ ಇರುವ ಹೆಂಗಸರಲ್ಲಿ ಆ ಅಂತರ ಬಹುತೇಕ ಅಳಿಸಿಹೋಗಿರುತ್ತದೆ. ಒಂದು ಲೋಟ ಬಿಸಿ ಚಹಾ, ಒಂದು ಕೌದಿ ಸಾಕು, ಬೆವರು ಕಿತ್ತುಕೊಳ್ಳುತ್ತದೆ. ತಮಾಷೆ ಎಂದರೆ ಬೆವರಿಸುವ ಈ ಮಾತ್ರೆಗಳೇ ಬಿಸಿಯುಬ್ಬರವನ್ನು ಇಳಿಸುತ್ತವೆ ಕೂಡ. ಪರೊಕ್ಸೆಟಿನ್ ಅನ್ನು 7.5 ಮಿ.ಗ್ರಾಂ.ನಷ್ಟು ಸಣ್ಣ ಪ್ರಮಾಣದಲ್ಲಿ ಇದಕ್ಕೆಂದೇ ಅಮೆರಿಕದ ಔಷಧ ಆಡಳಿತ 2013ರಲ್ಲಿ ಒಪ್ಪಿತು. ನೀವು ನುಂಗುತ್ತಿದ್ದ ಎಸಿಟಾಲೊಪ್ರಾಮ್‌ಗೂ ಆ ಗುಣ ತಕ್ಕಮಟ್ಟಿಗೆ ಇದೆ. (ಸ್ತನ ಕ್ಯಾನ್ಸರಿಗೆ ಟಮೋಕ್ಸಿಫೆನ್ ತೆಗೆದುಕೊಳ್ಳುವವರು ಮಾತ್ರ ಪರೊಕ್ಸೆಟಿನ್, ಫ್ಲುಯೊಕ್ಸೆಟಿನ್‌ಗಳಿಂದ ದೂರವಿರಬೇಕು. ಟಮೋಕ್ಸಿಫೆನ್ ಅನ್ನು ಕೆಲಸಕ್ಕೆ ಬರುವ ರೂಪಕ್ಕೆ ತರುವ ಕಿಣ್ವವನ್ನು ಇವು ಅಡ್ಡಗಟ್ಟುತ್ತವೆ.)

ರಾತ್ರಿ ಬೆವರನ್ನೆಲ್ಲ ಮಾತ್ರೆಯ ತಲೆಗೆ ಕಟ್ಟುವ ಮೊದಲು ಇನ್ನೂ ಎರಡು ಪರೀಕ್ಷೆ ಮಾಡಿಸಿ ಎನ್ನುತ್ತೇನೆ: ಥೈರಾಯ್ಡ್ ಮತ್ತು ಸಕ್ಕರೆ. ಇದರ ಜೊತೆ ಸಂಜೆ ಜ್ವರ, ಕೆಮ್ಮು, ತೂಕ ಇಳಿತ ಇದ್ದರೆ ಕಫ ಪರೀಕ್ಷೆಯೂ ಆಗಲೇಬೇಕು; ನಮ್ಮ ದೇಶದಲ್ಲಿ ರಾತ್ರಿ ಬೆವರು ಎಂದಾಕ್ಷಣ ಕ್ಷಯವನ್ನು ಮರೆಯುವ ಹಾಗಿಲ್ಲ. ಇವೆಲ್ಲ ಸರಿಯಿದ್ದು ಮಾತ್ರೆಯೇ ಕಾರಣ ಎಂದಾದರೆ ದಾರಿಗಳಿವೆ. ಪ್ರಮಾಣ ಇಳಿಸಬಹುದು, ಹೊತ್ತು ಬದಲಿಸಬಹುದು, ಸೆರೊಟೋನಿನ್ ಗೊಡವೆಗೆ ಹೋಗದ ಬುಪ್ರೊಪಿಯಾನ್‌ನಂಥ ಔಷಧಕ್ಕೆ ಬದಲಾಗಬಹುದು. ಬೆವರು ಅಪಾಯವಲ್ಲ ಎಂದು ವೈದ್ಯರು ಕೈಕೊಡವಿದರೆ ಒಪ್ಪಬೇಡಿ. ದಿಂಬು ಒದ್ದೆಯಾಗುತ್ತದೆಂದೇ ಮಾತ್ರೆ ಬಿಟ್ಟವರು ಎಷ್ಟೋ ಜನ.

ಆ ಸಂಜೆ ಆದದ್ದೇ ಬೇರೆ. ಪತ್ರದ ಮೇಲೆ ರೋಗ ನಿರ್ಣಯ ಮಾಡುವುದು ಸರಿಯಲ್ಲ, ಆದರೂ ನೀವು ಬರೆದ ನಡುಕ, ಚಡಪಡಿಕೆ, ಬೆವರು, ಭೇದಿ, ಸಣ್ಣ ಜ್ವರ, ಹೊಸ ಮಾತ್ರೆ ಶುರುವಾದ ಎರಡನೇ ದಿನ, ಬಿಟ್ಟ ಮರುದಿನ ಇಳಿಕೆ, ಇಷ್ಟೂ ಒಟ್ಟಿಗೆ ಬಂದಾಗ ಸೆರೊಟೋನಿನ್ ನಂಜಿನ, ಅಂದರೆ ಸೆರೊಟೋನಿನ್ ಅತಿಯಾಗಿ ಉಕ್ಕಿ ಆಗುವ ತೊಂದರೆಯ, ಹಗುರ ರೂಪ ಎಂದು ಅನುಮಾನಿಸಲೇಬೇಕು. ಟ್ರಮಡಾಲ್ ನೋವು ಕೊಲ್ಲುವುದು ಎರಡು ರೀತಿ. ಅಫೀಮಿನ ಬಳಗದ ಕೆಲಸ ಒಂದು. ಸೆರೊಟೋನಿನ್, ನಾರ್‌ಅಡ್ರಿನಲಿನ್‌ಗಳು ವಾಪಸು ಹೋಗದಂತೆ ತಡೆಯುವುದು ಇನ್ನೊಂದು. ಅಂದರೆ ನಿಮ್ಮ ಹಳೆಯ ಮಾತ್ರೆ ಮುಚ್ಚಿದ್ದ ತೂಬನ್ನೇ ಹೊಸ ಮಾತ್ರೆಯೂ ಮುಚ್ಚಿತು. ಇಬ್ಬರು ವೈದ್ಯರು, ಎರಡು ಚೀಟಿ, ಒಬ್ಬರದು ಇನ್ನೊಬ್ಬರಿಗೆ ಗೊತ್ತಿಲ್ಲ. ಹೀಗೆ ಎರಡನ್ನೂ ಒಟ್ಟಿಗೆ ತೆಗೆದುಕೊಂಡವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂಬುದೂ ನಿಜ, ಅದಕ್ಕೇ ಈ ಜೋಡಿ ಇಷ್ಟು ರಾಜಾರೋಷವಾಗಿ ಬರೆಯಲ್ಪಡುತ್ತದೆ.

ಈ ನಂಜಿನ ಜ್ವರವನ್ನು ಜ್ವರ ಎನ್ನುವುದೇ ತಪ್ಪು. ಸೋಂಕಿನ ಜ್ವರದಲ್ಲಿ ಹೈಪೊಥಲಾಮಸ್ ತಾನೇ ಗುರಿಯನ್ನು ಮೇಲಕ್ಕೆ ಸರಿಸುತ್ತದೆ, ಗೀಸರಿನ ಗುಂಡಿಯನ್ನು ಯಾರೋ ತಿರುಗಿಸಿಟ್ಟ ಹಾಗೆ. ತಿರುಗಿಸುವ ಕೈ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕ. ಪ್ಯಾರಸಿಟಮಾಲ್ ಆ ಕೈಯನ್ನು ಹಿಡಿಯುತ್ತದೆ, ಗುಂಡಿ ಮೊದಲಿನ ಜಾಗಕ್ಕೆ ಬರುತ್ತದೆ, ಜ್ವರ ಇಳಿಯುತ್ತದೆ. ಸೆರೊಟೋನಿನ್ ನಂಜಿನಲ್ಲಿ ಗುಂಡಿ ತಿರುಗಿಯೇ ಇಲ್ಲ. ಇದು ಬಚ್ಚಲೊಲೆಗೆ ಸೌದೆ ತುರುಕುತ್ತ ಹೋಗಿ ಹಂಡೆಯ ಮುಚ್ಚಳ ಮುಚ್ಚಿಟ್ಟ ಹಾಗೆ. ಸೌದೆ ಎಂದರೆ ನಮ್ಮ ಸ್ನಾಯು: ಅದುರುವ, ಬಿಗಿಯುವ ಸ್ನಾಯು ಸುಮ್ಮನಿರುವಾಗಿನ ನಾಲ್ಕೈದು ಪಟ್ಟು ಬಿಸಿ ಹುಟ್ಟಿಸಬಲ್ಲದು. ಇಲ್ಲಿ ಪ್ಯಾರಸಿಟಮಾಲ್ ಎಷ್ಟು ನುಂಗಿದರೂ ಪ್ರಯೋಜನವಿಲ್ಲ. ಸೌದೆ ಎಳೆಯಬೇಕು, ಅಂದರೆ ಸ್ನಾಯು ಸಡಿಲಿಸಬೇಕು. ಅದಕ್ಕೇ ಆಸ್ಪತ್ರೆಯಲ್ಲಿ ಕಾರಣವಾದ ಔಷಧ ನಿಲ್ಲಿಸಿ, ಡಯಾಜೆಪಾಮ್ ಬಳಗದ ಚುಚ್ಚುಮದ್ದು ಕೊಡುತ್ತಾರೆ, ಮೈಗೆ ನೀರು ಚಿಮುಕಿಸಿ ಫ್ಯಾನ್ ಹಾಕುತ್ತಾರೆ. 106 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಸ್ನಾಯುಗಳನ್ನೇ ಸಂಪೂರ್ಣ ನಿಶ್ಚಲಗೊಳಿಸಿ, ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸುತ್ತಾರೆ.

2ಎ ಬಾಗಿಲಿಗೆ ಬೀಗ ಹಾಕುವ ಔಷಧವೂ ಒಂದಿದೆ, ಸಿಪ್ರೊಹೆಪ್ಟಡಿನ್. ಹೆಸರು ಹೊಸದೆನಿಸಿದರೂ ವಸ್ತು ನಿಮಗೆ ಗೊತ್ತಿರಬಹುದು. ಮಕ್ಕಳಿಗೆ ‘ಊಟ ಸೇರಲಿ’, ಹುಡುಗಿಯರಿಗೆ ‘ಸ್ವಲ್ಪ ಮೈಕೈ ತುಂಬಲಿ’ ಎಂದು ಮೆಡಿಕಲ್ ಶಾಪಿನಿಂದ ತರುವ ಟಾನಿಕ್ಕುಗಳಲ್ಲಿ ಅದೇ ಇರುತ್ತದೆ. ಹಸಿವಿನ ಸಿರಪ್ಪು ಎಂದು ಮನೆಮನೆಯಲ್ಲಿ ಇರುವ ಇದು ತುರ್ತು ಚಿಕಿತ್ಸಾ ಘಟಕದಲ್ಲಿ 12 ಮಿ.ಗ್ರಾಂ.ನಿಂದ ಶುರುವಾಗುವ ಪ್ರತಿಮದ್ದು. ಹಾಗೆಂದು ಮನೆಯಲ್ಲೇ ಕುಡಿಯಬೇಡಿ. ಖಿನ್ನತೆಯ ಮಾತ್ರೆಯ ಗುಣವನ್ನೂ ಇದು ಅಳಿಸಬಲ್ಲದು.

ಈ ನಂಜು ಎಲ್ಲಿಯವರೆಗೆ ಹೋಗಬಹುದು ಎಂಬುದಕ್ಕೆ ವೈದ್ಯ ವಿದ್ಯಾರ್ಥಿಗಳಿಗೆ ನಾವು ಹೇಳುವ ಕತೆ ಲಿಬ್ಬಿ ಜಿಯಾನ್‌ಳದು. 1984ರ ಮಾರ್ಚ್, ನ್ಯೂಯಾರ್ಕ್. 18ರ ಕಾಲೇಜು ಹುಡುಗಿ. ಖಿನ್ನತೆಗೆ ಫೆನೆಲ್ಜಿನ್ ಎಂಬ ಹಳೆಯ ಕಾಲದ ಮಾತ್ರೆ ತಗೊಳ್ಳುತ್ತಿದ್ದಳು. ಅದು ಸೆರೊಟೋನಿನ್ ಅನ್ನು ಒಡೆಯುವ ಮಾವೊ ಎಂಬ ಕಿಣ್ವವನ್ನೇ ಕಟ್ಟಿಹಾಕುತ್ತದೆ. ಜ್ವರ, ವಿಚಿತ್ರ ಅದುರುವಿಕೆ ಎಂದು ರಾತ್ರಿ ಆಸ್ಪತ್ರೆಗೆ ಸೇರಿಸಿದರು. ನಡುಕ ನಿಲ್ಲಲೆಂದು ಪೆಥಿಡಿನ್ ಚುಚ್ಚಿದರು. ಪೆಥಿಡಿನ್ ಕೂಡ ಸೆರೊಟೋನಿನ್ ಏರಿಸುತ್ತದೆ, ಫೆನೆಲ್ಜಿನ್ ಜೊತೆ ಕೊಡಲೇಬಾರದು. ಹುಡುಗಿ ಇನ್ನಷ್ಟು ಒದ್ದಾಡಿದಳು, ಮಂಚಕ್ಕೆ ಕಟ್ಟಿದರು. ಬೆಳಗಾಗುವ ಹೊತ್ತಿಗೆ 107 ಡಿಗ್ರಿ, ಹೃದಯ ನಿಂತಿತು. ಸಾವಿನ ಕಾರಣದ ಬಗ್ಗೆ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ವಾದ ನಡೆಯಿತು, ಆದರೆ ಔಷಧತಜ್ಞರಲ್ಲಿ ಅನೇಕರು ಬೊಟ್ಟು ಮಾಡುವುದು ಸೆರೊಟೋನಿನ್ ನಂಜಿನತ್ತಲೇ. ತಂದೆ ಪತ್ರಕರ್ತ, ಬಿಡಲಿಲ್ಲ. ನಿದ್ದೆಗೆಟ್ಟ ಕಿರಿಯ ವೈದ್ಯರ ದುಡಿಮೆಯ ಮೇಲೆ ಅವರು ಎತ್ತಿದ ದನಿಯಿಂದ 1989ರಲ್ಲಿ ನ್ಯೂಯಾರ್ಕ್ ರಾಜ್ಯ ವಾರಕ್ಕೆ 80 ಗಂಟೆಯ ಮಿತಿ ತಂದಿತು. ಅಮೆರಿಕದ ಕಿರಿಯ ವೈದ್ಯರೆಲ್ಲರಿಗೂ ಆ ಹೆಸರು ಗೊತ್ತು, ದುಡಿಮೆಯ ಗಂಟೆಗಳ ಸಲುವಾಗಿ. ಆ ರಾತ್ರಿಯ ಎರಡು ಔಷಧಗಳನ್ನು ನೆನಪಿಡುವವರು ಕಡಿಮೆ. ನನಗೆ ಅದು ಕೊರಗು. ಇನ್ನೊಂದು ಮಾತು: ಇಂಥ ರೋಗಿಯನ್ನು ಕಟ್ಟಿಹಾಕಿದರೆ ಆತ ಕಟ್ಟಿನ ವಿರುದ್ಧ ಎಳೆದಾಡಿ ಸ್ನಾಯುಗಳಿಂದ ಇನ್ನಷ್ಟು ಬಿಸಿ ಹುಟ್ಟಿಸಿಕೊಳ್ಳುತ್ತಾನೆ. ಇಂದಿನ ಪಠ್ಯಗಳು ಅದನ್ನು ಬೇಡವೆನ್ನುತ್ತವೆ.

ಫೆನೆಲ್ಜಿನ್ ನಮ್ಮ ಕಡೆ ಯಾರೂ ಬರೆಯುವುದಿಲ್ಲ, ನಮಗೇನು ಎಂದು ಕೇಳಬಹುದು. ಆದರೆ ಅದೇ ಕಿಣ್ವವನ್ನು ಕಟ್ಟಿಹಾಕುವ ಲೈನೆಜೊಲಿಡ್ ಎಂಬ ಜೀವಿನಿರೋಧಕ ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿದೆ. ಔಷಧಕ್ಕೆ ಬಗ್ಗದ ಕ್ಷಯಕ್ಕೆ ಅದನ್ನು ತಿಂಗಳುಗಟ್ಟಲೆ ಕೊಡುತ್ತಾರೆ. ಆ ರೋಗಿಗಳಲ್ಲಿ ಖಿನ್ನತೆಯೂ ಸಾಮಾನ್ಯ, ಖಿನ್ನತೆಯ ಮಾತ್ರೆಯೂ ಸಾಮಾನ್ಯ. ಕೆಲವು ಶಸ್ತ್ರಚಿಕಿತ್ಸೆಗಳಲ್ಲಿ ರಕ್ತನಾಳಕ್ಕೆ ಕೊಡುವ ಮೆಥಿಲೀನ್ ಬ್ಲೂ ಎಂಬ ನೀಲಿ ಬಣ್ಣವೂ ಆ ಕಿಣ್ವದ ಬಲವಾದ ವೈರಿ. ಇವೆರಡರ ಬಗ್ಗೆ ಅಮೆರಿಕದ ಔಷಧ ಆಡಳಿತ 2011ರಲ್ಲಿ ಎಚ್ಚರಿಕೆ ಹೊರಡಿಸಿತು. ಕೆಮ್ಮಿನ ಸಿರಪ್ಪಿನ ಡೆಕ್ಸ್‌ಟ್ರೊಮೆಥಾರ್ಫಾನ್ ಚಮಚದ ಲೆಕ್ಕದಲ್ಲಿ ಕುಡಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ, ಬಾಟಲಿ ಎತ್ತಿ ಕುಡಿದರೆ ಉಂಟು. ಅಂತರ್ಜಾಲದಲ್ಲಿ ‘ನೈಸರ್ಗಿಕ’ ಎಂದು ಮಾರುವ ಸೇಂಟ್ ಜಾನ್ಸ್ ವರ್ಟ್, 5-ಎಚ್‌ಟಿಪಿ ಗುಳಿಗೆಗಳೂ ಇದೇ ಸಾಲಿನವು. ಅಮೆರಿಕದಲ್ಲಿರುವ ಮಕ್ಕಳು ಊರಿಗೆ ಬರುವಾಗ ಅಪ್ಪ-ಅಮ್ಮನಿಗೆ ತಂದುಕೊಡುವ ಡಬ್ಬಿಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಮೈಗ್ರೇನಿಗೆ ಕೊಡುವ ಟ್ರಿಪ್ಟಾನ್‌ಗಳ ಬಗ್ಗೆ ಮಾತ್ರ ಭಯ ಅಗತ್ಯಕ್ಕಿಂತ ಹೆಚ್ಚಾಗಿದೆ ಎಂಬುದು ನನ್ನ ಅಭಿಪ್ರಾಯ. ಔಷಧಚೀಟಿಗಳನ್ನು ತಾಳೆನೋಡುವ ಕಂಪ್ಯೂಟರು ಎಲ್ಲದಕ್ಕೂ ಕೆಂಪು ದೀಪ ಹಚ್ಚಿದರೆ ವೈದ್ಯರು ಯಾವುದನ್ನೂ ನೋಡುವುದಿಲ್ಲ.

ಗೊಂದಲ ಹುಟ್ಟಿಸುವ ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಸಿಸೇರಿಯನ್ ಮುಗಿದ ಮೇಲೆ ಗದಗದ ನಡುಗುವ ಬಾಣಂತಿಗೆ ಅರಿವಳಿಕೆ ತಜ್ಞರು ಕೊಡುವ ಚುಚ್ಚುಮದ್ದುಗಳಲ್ಲಿ ಇದೇ ಟ್ರಮಡಾಲ್, ಇದೇ ಪೆಥಿಡಿನ್ ಇವೆ. ನಡುಕ ನಿಲ್ಲುತ್ತದೆ. ಅದು ಚಳಿಯ ನಡುಕ. ಈ ಔಷಧಗಳು ನಡುಗುವ ಮಟ್ಟವನ್ನೇ ಕೆಳಗಿಳಿಸುತ್ತವೆ, ಹಾಗಾಗಿ ದೇಹ ಅದೇ ಕಾವಿಗೆ ಒಗ್ಗಿಕೊಳ್ಳುತ್ತದೆ. ನಿಮ್ಮ ನಡುಕ ಬೆನ್ನುಹುರಿಯ ನರಗಳು ಕೆರಳಿ ಬಂದದ್ದು. ಹೊರಗಿನಿಂದ ನೋಡಿದರೆ ಎರಡೂ ಒಂದೇ.

ಬೇರೆ ಮಾಡಿ ನೋಡುವುದು ಹೇಗೆ? ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನ ವಿಷಚಿಕಿತ್ಸಾ ತಂಡ 2003ರಲ್ಲಿ ಕೊಟ್ಟ ಹಂಟರ್ ಮಾನದಂಡವನ್ನೇ ಈಗ ಎಲ್ಲ ಕಡೆ ಬಳಸುವುದು. ಅದರ ಜೀವಾಳ ಥರ್ಮಾಮೀಟರ್ ಅಲ್ಲ, ಪಾದ. ಡಾಕ್ಟರು ರೋಗಿಯ ಪಾದವನ್ನು ಥಟ್ಟನೆ ಮೇಲಕ್ಕೆ ಒತ್ತಿ ಹಿಡಿದರೆ ಅದು ಕೈಯಲ್ಲೇ ಟಕಟಕ ಬಡಿಯುತ್ತಲೇ ಇರುತ್ತದೆ. ಇದಕ್ಕೆ ಕ್ಲೋನಸ್ ಎನ್ನುತ್ತಾರೆ. ಮಂಡಿಗೆ ಸುತ್ತಿಗೆ ತಾಗಿಸಿದರೆ ಕಾಲು ಅಗತ್ಯಕ್ಕಿಂತ ಜೋರಾಗಿ ಚಿಮ್ಮುತ್ತದೆ. ಕೈಗಿಂತ ಕಾಲಲ್ಲಿ ಹೆಚ್ಚು. ಕಣ್ಣಪಾಪೆ ಅಗಲ, ಚರ್ಮ ಒದ್ದೆ, ಹೊಟ್ಟೆಯಲ್ಲಿ ಗುಡುಗುಡು. ಸ್ಕಿಜೊಫ್ರೀನಿಯಾದ ಔಷಧಗಳಿಂದಲೂ ಮೈ ಕಾವೇರಿ ಸೆಟೆದುಕೊಳ್ಳುವುದುಂಟು, ಆದರೆ ಅದು ದಿನಗಟ್ಟಲೆ ನಿಧಾನವಾಗಿ ಏರುತ್ತದೆ, ಮೈ ಕಬ್ಬಿಣದ ಕೊಳವೆಯಂತಾಗುತ್ತದೆ, ಕಾಲು ಚಿಮ್ಮುವುದಿಲ್ಲ. ಸೆರೊಟೋನಿನ್ ನಂಜು ಅವಸರದ್ದು. ಔಷಧ ಸೇರಿಸಿದ ಅಥವಾ ಪ್ರಮಾಣ ಏರಿಸಿದ ಆರು ಗಂಟೆಯೊಳಗೇ ಅರ್ಧಕ್ಕಿಂತ ಹೆಚ್ಚು ಮಂದಿಯಲ್ಲಿ ಕಾಣಿಸಿಕೊಳ್ಳುತ್ತದೆ. ಕಾವು ಏರುವುದು ಕೊನೆಗೆ. ನಿಮ್ಮ ಹಾಗೆ 100ರಲ್ಲಿ ನಿಂತರೆ ಹಗುರ. 101 ದಾಟಿ, ಮಾತು ತೊದಲಿ, ಕಾಲು ಸೆಟೆದುಕೊಂಡರೆ ಬೆಳಗಾಗಲಿ ಎಂದು ಕಾಯಬೇಡಿ, ನುಂಗಿದ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ.

ಹಾಗೆಂದು ಮಾತ್ರೆ ತೆಗೆದುಕೊಳ್ಳುವವರಿಗೆ ಬಂದ ಜ್ವರವೆಲ್ಲ ಮಾತ್ರೆಯದಲ್ಲ. ಡೆಂಗಿ, ಮಲೇರಿಯಾ, ಮೂತ್ರದ ಸೋಂಕು ಯಾರನ್ನೂ ಬಿಡುವುದಿಲ್ಲ. ಔಷಧದಲ್ಲಿ ಹೊಸ ಬದಲಾವಣೆ ಏನೂ ಇಲ್ಲದೆ ವರ್ಷಗಟ್ಟಲೆ ಒಂದೇ ಮಾತ್ರೆ ನುಂಗುವವರಿಗೆ ಚಳಿಜ್ವರ ಬಂದರೆ ಮೊದಲು ಸೋಂಕನ್ನೇ ಹುಡುಕಿ.

ಬೇಸಿಗೆಯ ಪ್ರಶ್ನೆಗೆ ಬರೋಣ. ಏಪ್ರಿಲ್, ಮೇಯಲ್ಲಿ ರಾಯಚೂರಿನ ಗಾಳಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಚರ್ಮದ ಬಿಸಿ ಸುಮಾರು 35. ಗಾಳಿಯೇ ಚರ್ಮಕ್ಕಿಂತ ಬಿಸಿಯಿದ್ದಾಗ ದೇಹಕ್ಕೆ ಉಳಿಯುವ ಒಂದೇ ದಾರಿ ಬೆವರು ಆರುವುದು. ಒಂದು ಲೀಟರ್ ಬೆವರು ಆರಿದರೆ ಸುಮಾರು 580 ಕಿಲೋಕ್ಯಾಲರಿ ಬಿಸಿ ಹೋಗುತ್ತದೆ. ಮಂಗಳೂರಿನ ಸೆಖೆಯಲ್ಲಿ ಬೆವರು ಆರುವುದಿಲ್ಲ, ಸುರಿದು ವ್ಯರ್ಥವಾಗುತ್ತದೆ. ನಿಮ್ಮೂರಿನ ಒಣ ಝಳದಲ್ಲಿ ಆರುತ್ತದೆ, ಆದರೆ ನೀರು, ಉಪ್ಪು ಎರಡೂ ಗೊತ್ತಾಗದಂತೆ ಹೋಗುತ್ತವೆ. ಎಸಿಟಾಲೊಪ್ರಾಮ್ ಬೆವರನ್ನು ತಡೆಯುವುದಿಲ್ಲ, ಹೆಚ್ಚಿಸುತ್ತದೆ. ಹಾಗಾಗಿ ಬಿಸಿಲಿಗೆಂದು ನಿಲ್ಲಿಸಬೇಕಾದ ಮಾತ್ರೆ ಅದಲ್ಲ. ಬಿಸಿಲಲ್ಲಿ ನಿಜವಾಗಿ ಹೆದರಬೇಕಾದ್ದು ಬೆವರನ್ನೇ ಒಣಗಿಸುವ ಟ್ರೈಹೆಕ್ಸಿಫೆನಿಡಿಲ್, ಅಮಿಟ್ರಿಪ್ಟಿಲಿನ್‌ನಂಥವುಗಳಿಗೆ, ಮತ್ತು ನೀರು ಕಡಿಮೆಯಾದರೆ ರಕ್ತದಲ್ಲಿ ಏರಿಬಿಡುವ ಲಿಥಿಯಂಗೆ. ಅವನ್ನೂ ತಾವಾಗಿ ಬಿಡಬಾರದು, ಮಧ್ಯಾಹ್ನದ ಬಿಸಿಲನ್ನು ಬಿಡಬೇಕು.

ಒಂದು ಎಚ್ಚರ ಮಾತ್ರ ಇರಲಿ. ಎಸಿಟಾಲೊಪ್ರಾಮ್ ಬಳಗದ ಮಾತ್ರೆಗಳು ಕೆಲವರಲ್ಲಿ, ವಿಶೇಷವಾಗಿ ಬಿ.ಪಿ.ಗೆ ನೀರಿಳಿಸುವ ಮಾತ್ರೆಯನ್ನೂ ನುಂಗುವ ವಯಸ್ಸಾದವರಲ್ಲಿ, ರಕ್ತದ ಸೋಡಿಯಂ ಇಳಿಸುತ್ತವೆ. ಅಂಥವರು ಬೆವರಿದರೆಂದು ಬರೀ ನೀರನ್ನೇ ಕೊಡಗಟ್ಟಲೆ ಕುಡಿದರೆ ಸೋಡಿಯಂ ಇನ್ನೂ ಇಳಿದು ಮಂಪರು ಬರಬಹುದು. ಉಪ್ಪು ಹಾಕಿದ ಮಜ್ಜಿಗೆ, ಅಂಬಲಿ ಒಳ್ಳೆಯದು. ಪಕ್ಕದ ಮನೆಯವರು ‘ತಂಪು’ ಎಂದು ಕೊಡುವುದೂ ಅದನ್ನೇ ಅಲ್ಲವೇ? ಆ ಭಾಗ ಅವರದೇ ಸರಿ, ಕುಡಿಯಿರಿ.

ಉಳಿದದ್ದು ಮಂಡಿನೋವು. ಟ್ರಮಡಾಲ್ ಬೆರೆಯದ ಬರೀ ಪ್ಯಾರಸಿಟಮಾಲ್ ಸಾಕಾಗಬಹುದು, ಡೈಕ್ಲೊಫೆನಾಕ್ ಜೆಲ್ ಮೇಲಿಂದ ಹಚ್ಚಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಗಳನ್ನು ಎಸಿಟಾಲೊಪ್ರಾಮ್ ಜೊತೆ ಬಹಳ ದಿನ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಂಭವ ಹೆಚ್ಚು. ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಸೆರೊಟೋನಿನ್ ಬೇಕು, ಅದು ಅವುಗಳೊಳಗೆ ಹೋಗುವುದನ್ನೂ ಎಸಿಟಾಲೊಪ್ರಾಮ್ ತಡೆಯುತ್ತದೆ. ಕೀಲು ಡಾಕ್ಟರ ಬಳಿ ಮತ್ತೆ ಹೋಗುವಾಗ ಮನೋವೈದ್ಯರ ಚೀಟಿಯನ್ನು ಪರ್ಸಿನ ಒಳಜೇಬಿನಿಂದ ಹೊರತೆಗೆದು ಮೇಜಿನ ಮೇಲಿಡಿ. ಹೋದ ಸಲ ಅದನ್ನು ತೋರಿಸಲು ಸಂಕೋಚವಾಗಿರಬೇಕು ಎಂದು ನನ್ನ ಊಹೆ.